ಹಸಿ ದಿಮ್ಮಿಗೆ ಕ್ಯಾಮೆರಾ ಹಿಡಿದು

ಆಗಷ್ಟೇ ಕೊಯ್ದ ಮರದ ಬಣ್ಣ ನಿಲ್ಲುವುದಿಲ್ಲ. ಹಲಸಿನ ಚೇಗು, ಅಂದರೆ ಒಳಗಿನ ಗಟ್ಟಿ ಭಾಗ, ಮೊದಲಿಗೆ ಕಣ್ಣು ಕುಕ್ಕುವ ಹಳದಿ. ಗಾಳಿ ಬೆಳಕು ತಾಗುತ್ತ ಹೋದಂತೆ ಕಂದುಗಟ್ಟುತ್ತದೆ. ಹೊನ್ನೆಯಾದರೆ ತೊಗಟೆಯ ಅಂಚಿನಿಂದ ರಕ್ತದಂಥ ಕೆಂಪು ಅಂಟು ಒಸರುತ್ತದೆ. ಅದಕ್ಕೇ ನಾನು ಬಣ್ಣದ ಚಿತ್ರಗಳನ್ನು ಮೊದಲು ಮುಗಿಸಿಕೊಳ್ಳುತ್ತೇನೆ. ಉಂಗುರ, ರಂಧ್ರ, ಗರಗಸದ ಗೀರು ಇವೆಲ್ಲ ಆಮೇಲೂ ಸಿಗುತ್ತವೆ.

ಕೊಯ್ದ ಮುಖದ ಮೇಲಿನ ಹೊಟ್ಟನ್ನು ಮೆದು ಬ್ರಷ್‌ನಿಂದ ತೆಗೆಯುತ್ತೇನೆ, ಆದರೆ ಪೂರ್ತಿಯಾಗಿ ಅಲ್ಲ. ರಸಕ್ಕೆ ಅಂಟಿಕೊಂಡು ಕೂತ ನಾರು, ಪುಡಿ ಚಿತ್ರಕ್ಕೆ ಬೇಕು. ಉಜ್ಜಿ ನುಣುಪು ಮಾಡಿದರೆ ಅದು ಬಡಗಿಯ ಹಲಗೆಯಾಗುತ್ತದೆ, ಹಸಿತನ ಹೋಗಿಬಿಡುತ್ತದೆ. ಅಟ್ಟಿ ಹಾಕಿದ ದಿಮ್ಮಿಗಳ ಕೆಳಗೆ ಮಾತ್ರ ನಾನು ಕೂರುವುದಿಲ್ಲ; ಅವು ಯಾವಾಗ ಉರುಳುತ್ತವೋ ಹೇಳಲಾಗದು.

ನನ್ನದು 100 ಮಿ.ಮೀ. ಮ್ಯಾಕ್ರೋ ಲೆನ್ಸ್, ತೀರಾ ಹತ್ತಿರದಿಂದ ತೆಗೆಯಲು ಮಾಡಿದ್ದು. ವಸ್ತುವಿನ ನಿಜ ಅಳತೆಯಲ್ಲೇ ಚಿತ್ರ ಬೀಳುವಷ್ಟು ಹತ್ತಿರ ಹೋದರೆ, ಅಪರ್ಚರನ್ನು (ಲೆನ್ಸಿನಲ್ಲಿ ಬೆಳಕು ಒಳಬರುವ ಕಂಡಿಯನ್ನು) ಎಫ್/11ರಷ್ಟು ಕಿರಿದಾಗಿ ಇಟ್ಟರೂ ಸ್ಪಷ್ಟವಾಗಿ ಕಾಣುವ ಆಳ ಒಂದು ಮಿಲಿಮೀಟರ್‌ಗಿಂತ ತುಸು ಹೆಚ್ಚು, ಅಷ್ಟೇ. ಅದನ್ನು ಇನ್ನೂ ಕಿರಿದು ಮಾಡಿದರೆ ಇಡೀ ಚಿತ್ರವೇ ಮೆದುವಾಗುತ್ತದೆ. ಹಾಗಾಗಿ ಟ್ರೈಪಾಡ್ ಕೂರಿಸಿ, ಕ್ಯಾಮೆರಾದೊಳಗೆ ಚಿತ್ರ ಬೀಳುವ ಸೆನ್ಸರ್ ಮರದ ಮುಖಕ್ಕೆ ಸಮಾನಾಂತರವಾಗಿ ನಿಲ್ಲುವಂತೆ ನೋಡಿಕೊಳ್ಳುತ್ತೇನೆ. ಕ್ಯಾಮೆರಾದ ಪರದೆಯಲ್ಲಿ, ಲೈವ್ ವ್ಯೂನಲ್ಲಿ, ನಾಲ್ಕೂ ಮೂಲೆಗಳನ್ನು ಹಿಗ್ಗಿಸಿ ನೋಡುವ ಈ ಕೆಲಸ ಬೇಸರದ್ದೇ, ಆದರೆ ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ.

ಬೆಳಕಿನ ವಿಷಯದಲ್ಲಿ ನನಗೆ ಹಟವಿದೆ: ಅದು ಪಕ್ಕದಿಂದ, ಮೇಲ್ಮೈಯನ್ನು ಸವರಿಕೊಂಡು ಬರಬೇಕು. ಆಗ ಚೈನ್‌ಸಾ ಬಿಟ್ಟುಹೋದ ಬಾಗಿದ ಗೀರುಗಳು ಒಂದೊಂದಾಗಿ ಎದ್ದು ನಿಲ್ಲುತ್ತವೆ, ಉಂಗುರಗಳ ಬಾಗು ಅವನ್ನು ಅಡ್ಡ ಹಾಯುತ್ತದೆ. ಮರ ಎಳೆದ ಗೆರೆ, ಯಂತ್ರ ಎಳೆದ ಗೆರೆ ಹೀಗೆ ಒಂದನ್ನೊಂದು ಕತ್ತರಿಸುವ ಜಾಗವನ್ನೇ ನಾನು ಹುಡುಕುವುದು. ತೊಗಟೆಯನ್ನೂ ನಡುವಿನ ತಿರುಳನ್ನೂ ಚೌಕಟ್ಟಿನಿಂದ ಹೊರಗಿಡುತ್ತೇನೆ, ಏಕೆಂದರೆ ಅವೆರಡು ಕಂಡ ಕೂಡಲೇ ನೋಡುವವರು ‘ಮರ’ ಎಂದು ಹೆಸರಿಟ್ಟು ಮುಂದೆ ಹೋಗುತ್ತಾರೆ.

ಒದ್ದೆ ಮೇಲ್ಮೈಯಲ್ಲಿ ಆಕಾಶ ಬೆಳ್ಳಗೆ ಹೊಳೆಯುವುದುಂಟು. ಓರೆಯಾಗಿ ತೆಗೆಯುವಾಗ ಪೋಲರೈಸರ್ ಎಂಬ, ಲೆನ್ಸಿನ ಮುಂದೆ ಹಾಕುವ ಫಿಲ್ಟರ್ ಅದನ್ನು ಚೆನ್ನಾಗಿ ತಗ್ಗಿಸುತ್ತದೆ. ನೇರ ಎದುರಿನಿಂದ ತೆಗೆಯುವಾಗ ಅದರಿಂದ ಉಪಯೋಗ ಕಡಿಮೆ. ಆಗ ಲೆನ್ಸಿನ ಸುತ್ತ ಕಪ್ಪು ಬಟ್ಟೆ ಹಿಡಿಯುತ್ತೇನೆ.

ಮರ ಒಣಗುವಾಗ ಉಂಗುರದ ಸುತ್ತಳತೆಯ ದಿಕ್ಕಿನಲ್ಲಿ ಕುಗ್ಗುವುದು, ತಿರುಳಿನಿಂದ ಹೊರಕ್ಕೆ ಹೋಗುವ ದಿಕ್ಕಿಗಿಂತ ಸುಮಾರು ಎರಡು ಪಟ್ಟು. ಅದರಿಂದಲೇ ನಡುವಿನಿಂದ ಹೊರಕ್ಕೆ ಹೋಗುವ ಕಿರಣದಂಥ ಬಿರುಕುಗಳು. ಅವಕ್ಕಾಗಿ ಅದೇ ದಿಮ್ಮಿಯ ಹತ್ತಿರ ಮತ್ತೆ ಹೋಗುತ್ತೇನೆ.

ಮುದ್ರಿಸುವ ಮುಂಚೆ ಚಿತ್ರವನ್ನು ನಾಲ್ಕೂ ಕಡೆ ತಿರುಗಿಸಿ ನೋಡುತ್ತೇನೆ. ಬೆಳಕು ಮೇಲಿನಿಂದ ಬರುತ್ತದೆಂದು ನಮ್ಮ ಕಣ್ಣು ನಂಬಿರುವುದರಿಂದ, ತಲೆಕೆಳಗಾದಾಗ ಗೀರುಗಳ ತಗ್ಗು ಉಬ್ಬಿನಂತೆ ಕಾಣಬಹುದು. ಎಷ್ಟೋ ಸಲ ನಾನು ಹಾಗೆ ಕಂಡದ್ದನ್ನೇ ಆರಿಸಿಕೊಂಡಿದ್ದೇನೆ.