ಕರಡು ಕಾನೂನಿಗೆ ನಮ್ಮ ಮಾತು ಸೇರಿಸುವುದು ಹೇಗೆ?

ಪಶ್ಚಿಮಘಟ್ಟದ ಯಾವ ಹಳ್ಳಿಗಳು ಪರಿಸರ ಸೂಕ್ಷ್ಮ ಪ್ರದೇಶ, ಅಲ್ಲಿ ಏನು ನಿಷೇಧ ಅಂತ ಹೇಳುವ ಕೇಂದ್ರ ಪರಿಸರ ಸಚಿವಾಲಯದ ಆರನೇ ಕರಡು ಅಧಿಸೂಚನೆ ಬಂದದ್ದು 2024ರ ಜುಲೈ 31ಕ್ಕೆ. ಅಂದರೆ ಕಕ್ಕಡ ತಿಂಗಳ ಜೋರು ಮಳೆಯ ನಡುವೆ. ಕೊಡಗಿನಲ್ಲಿ ಆಗ ಕರೆಂಟ್ ಇದ್ದರೆ ನೆಟ್‌ವರ್ಕ್ ಇರುವುದಿಲ್ಲ. ಆಕ್ಷೇಪಣೆಗೆ ಕೊಟ್ಟದ್ದು 60 ದಿನ. ಗೆಜೆಟ್ ಪ್ರತಿ ಜನರಿಗೆ ಸಿಕ್ಕ ದಿನದಿಂದ ಲೆಕ್ಕ. ಇಂಥ ಕರಡು ಬಂದಾಗ ಮಳೆ ಬಿಡಲಿ ಅಂತ ಕಾಯಬೇಡಿ.

ನಾನು ಮಾದಾಪುರದ ಕಡೆಯ ಕಾಫಿ ಬೆಳೆಗಾರ. ಅಕ್ಕಪಕ್ಕದವರಿಗೆ ಆಕ್ಷೇಪಣೆಯ ಪತ್ರ ಬರೆದುಕೊಡುತ್ತೇನೆ. ಬಂದವರಿಗೆಲ್ಲ ಮೊದಲು ಹೇಳುವುದು ಒಂದೇ: ಕರಡನ್ನು ಓದಿ. ‘ಇನ್ನು ಮನೆ ಕಟ್ಟೋಕೂ ಬಿಡಲ್ಲ’ ಅಂತ ಊರೆಲ್ಲ ಮಾತು. ಕರಡಿನಲ್ಲಿ ನಿಷೇಧ ಇರುವುದು ಗಣಿ, ಕಲ್ಲುಕೋರೆ, ಮರಳು ತೆಗೆಯುವುದು, ಹೊಸ ಉಷ್ಣ ವಿದ್ಯುತ್ ಸ್ಥಾವರ, 20,000 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ಕಟ್ಟಡ, ಇಂಥವಕ್ಕೆ. ಇಲ್ಲದ ಸಾಲಿಗೆ ಆಕ್ಷೇಪಣೆ ಬರೆದರೆ ಅದನ್ನು ಬದಿಗಿಡುವುದು ಸುಲಭ, ಅಲ್ವಾ? ಕೊನೆಗೆ ಕೊಟ್ಟಿರುವ ಹಳ್ಳಿಗಳ ಪಟ್ಟಿಯಲ್ಲಿ ನಿಮ್ಮ ಗ್ರಾಮ ಇದೆಯೇ ಅಂತಲೂ ನೋಡಿ.

ಇನ್ನು ಪತ್ರ. ಮೇಲೆ ಅಧಿಸೂಚನೆಯ ಸಂಖ್ಯೆ, ದಿನಾಂಕ. ಆಮೇಲೆ ನೀವು ಯಾರು, ಯಾವ ಗ್ರಾಮ, ಎಷ್ಟು ಜಮೀನು. ಮುಂದಿನದು ಮುಖ್ಯ: ಯಾವ ಕಂಡಿಕೆ, ಅದರಿಂದ ನಿಮಗೆ ಏನಾಗುತ್ತದೆ, ಅದರ ಬದಲು ಯಾವ ಪದ ಇರಬೇಕು. ‘ಇದು ರೈತ ವಿರೋಧಿ’ ಅಂತ ಸುಮ್ನೆ ಬರೆದರೆ ಓದುವ ಅಧಿಕಾರಿ ಏನು ತಿದ್ದಬೇಕು? ‘ನಮ್ಮ ಗ್ರಾಮದ ಈ ಭಾಗ ಗದ್ದೆ, ತೋಟ, ಮನೆಗಳಿರುವ ಜಾಗ, ಸರ್ವೆ ನಂಬರ್ ಇಂತಿಷ್ಟು, ಇದನ್ನು ಗಡಿಯಿಂದ ಬಿಡಿ’ ಅಂದರೆ ತಿದ್ದಲು ಏನಾದರೂ ಸಿಗುತ್ತದೆ. ಆರ್‌ಟಿಸಿ, ಫೋಟೋ, ಗ್ರಾಮಸಭೆಯ ನಿರ್ಣಯ ಜೊತೆಗಿಡಿ. ಒಂದೇ ಪತ್ರದ ಜೆರಾಕ್ಸ್‌ಗೆ ನೂರು ಜನ ಸಹಿ ಹಾಕುವುದಕ್ಕಿಂತ ಹತ್ತು ಮನೆಯವರು ತಮ್ಮದೇ ಮಾತಿನಲ್ಲಿ ಬರೆದದ್ದು ಜಾಸ್ತಿ ತೂಗುತ್ತದೆ ಅಂತ ನನ್ನ ನಂಬಿಕೆ.

ಕರಡು ಬೇಕು ಅನ್ನುವವರೂ ಬರೆಯಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆ, ತೋಟ ಕಳೆದುಕೊಂಡವರು ಇಲ್ಲಿದ್ದಾರೆ. ಆ ಇಳಿಜಾರಿನ ಬಗ್ಗೆ ಅವರಷ್ಟು ಗೊತ್ತಿರುವವರು ದೆಹಲಿಯಲ್ಲಿಲ್ಲ. ‘ವಿರೋಧಿಸುವವರಷ್ಟೇ ಬರೆಯೋದು’ ಅನ್ನುವುದು ತಪ್ಪು ತಿಳಿವಳಿಕೆ.

ಕನ್ನಡದಲ್ಲೇ ಬರೆಯಿರಿ, ಹಿಂಜರಿಯಬೇಡಿ. 2020ರ ಇಐಎ (ಯೋಜನೆಗಳಿಂದ ಪರಿಸರಕ್ಕೆ ಆಗುವ ಪರಿಣಾಮದ ಅಂದಾಜು) ಕರಡನ್ನು ಸಂವಿಧಾನದ 8ನೇ ಪರಿಚ್ಛೇದದ 22 ಭಾಷೆಗಳಿಗೆ ಅನುವಾದಿಸಿ ಅಂತ ದೆಹಲಿ ಹೈಕೋರ್ಟೇ ಹೇಳಿತ್ತು. ಕೇಂದ್ರಕ್ಕೆ ಕಳಿಸುವಾಗ ಮಾತ್ರ ಅರ್ಧ ಪುಟದ ಇಂಗ್ಲಿಷ್ ಸಾರಾಂಶ ಮೇಲಿಡಿ. ಕಾಲೇಜಿಗೆ ಹೋಗುವ ಮಕ್ಕಳು ಬರೆದುಕೊಡುತ್ತಾರೆ. ವಿಳಾಸ, ಇಮೇಲ್ ಕರಡಿನಲ್ಲೇ ಇರುತ್ತದೆ. ಇಮೇಲ್ ಮಾಡಿ, ಸ್ಪೀಡ್ ಪೋಸ್ಟ್ ಕೂಡ ಹಾಕಿ, ರಸೀದಿ ಇಟ್ಟುಕೊಳ್ಳಿ.

ಎಲ್ಲ ಕರಡಿಗೂ 60 ದಿನ ಸಿಗುವುದಿಲ್ಲ. ಕೇಂದ್ರದ ಮಸೂದೆಗಳಿಗೆ 2014ರ ಪೂರ್ವ ಸಮಾಲೋಚನಾ ನೀತಿ ಹೇಳುವುದು ಕನಿಷ್ಠ 30 ದಿನ. 1942ರ ಕಾಫಿ ಕಾಯ್ದೆ ತೆಗೆದು ಹೊಸದು ತರುವ ಕರಡು 2022ರ ಜನವರಿಯಲ್ಲಿ ಬಂದಾಗ ನಮ್ಮಲ್ಲಿ ಇನ್ನೂ ಕೊಯ್ಲು. ಅದಕ್ಕೇ ಸಂಘದಲ್ಲಿ ಒಬ್ಬರಿಗಾದರೂ ಕಾಫಿ ಮಂಡಳಿಯ, ಪರಿಸರ ಸಚಿವಾಲಯದ ವೆಬ್‌ಸೈಟ್ ವಾರಕ್ಕೊಮ್ಮೆ ನೋಡುವ ಕೆಲಸ ಒಪ್ಪಿಸಿ.

ಕೆಲವು ಮಸೂದೆಗಳ ಬಗ್ಗೆ ಸಂಸತ್ತಿನ ಸಮಿತಿಯೂ ಜನರ ಅಭಿಪ್ರಾಯ ಕೇಳುತ್ತದೆ. ಅದಕ್ಕೆ ಕಳಿಸಿದ ಮನವಿಯನ್ನು ಮಾತ್ರ ವಾಟ್ಸಾಪ್‌ನಲ್ಲಿ ಹಂಚಬೇಡಿ. ಅದು ಸಮಿತಿಯ ದಾಖಲೆ, ಗೌಪ್ಯ. ಉಳಿದ ಕರಡುಗಳಿಗೆ ಬಂದ ಅಭಿಪ್ರಾಯ ಏನಾಯಿತು ಅಂತ ಕೆಲವು ತಿಂಗಳ ನಂತರ ಆರ್‌ಟಿಐ ಹಾಕಿ ಕೇಳಬಹುದು. ಕೇಂದ್ರಕ್ಕಾದರೆ ಶುಲ್ಕ 10 ರೂಪಾಯಿ.