ನಿಮ್ಮ ಪಿನ್‌ಕೋಡ್ ಅವಿಭಾಜ್ಯ ಸಂಖ್ಯೆಯಾ? ನೋಡುವುದು ಹೀಗೆ

1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದಿದ್ದರೆ ಅದು ಅವಿಭಾಜ್ಯ. ಇದು ಸ್ಕೂಲಲ್ಲೇ ಗೊತ್ತು. ಆದರೆ ಆರಂಕಿಯ ಸಂಖ್ಯೆ ಕೈಗೆ ಕೊಟ್ಟರೆ ಎಲ್ಲಿಂದ ಶುರು ಮಾಡುವುದು? ನಮ್ಮ ಕಡೆಯ ಮೂರು ಪಿನ್‌ಕೋಡ್ ತಗೊಳ್ಳಿ: ಚಿಕ್ಕಬಳ್ಳಾಪುರ 562101, ಕೋಲಾರ 563101, ತುಮಕೂರು 572101. ಮೂರೂ ಕೊನೆಗೊಳ್ಳುವುದು 1ರಲ್ಲಿ, ಹಾಗಾಗಿ 2, 5ರ ಕಾಟ ಇಲ್ಲ.

ಚಿಕ್ಕಬಳ್ಳಾಪುರದ ಅಂಕಿ ಕೂಡಿದರೆ 15. ಅದು 3ರಿಂದ ಭಾಗವಾಗುತ್ತೆ, ಮುಗೀತು. ಕೋಲಾರಕ್ಕೆ ಒಂದು ಬಿಟ್ಟು ಒಂದು ಅಂಕಿ ಕೂಡಿ: 5+3+0 ಎಂಟು, 6+1+1 ಕೂಡ ಎಂಟು. ಎರಡೂ ಸಮ ಬಂತು, ಅಂದರೆ 11ರಿಂದ ಭಾಗವಾಗುತ್ತದೆ. ಪೂರ್ತಿ ಬಿಡಿಸಿದರೆ 7×11×71×103.

ತುಮಕೂರು ಸ್ವಲ್ಪ ಹಟಮಾರಿ. 3, 7, 11, 13 ಯಾವುದಕ್ಕೂ ಬಗ್ಗಲ್ಲ. ಎಲ್ಲಿವರೆಗೆ ಭಾಗಿಸುತ್ತಾ ಹೋಗಬೇಕು? ವರ್ಗಮೂಲದವರೆಗೆ ಸಾಕು, ಇಲ್ಲಿ 756, ಯಾಕಂದರೆ ಅದಕ್ಕಿಂತ ದೊಡ್ಡ ಅಪವರ್ತನ ಇದ್ದರೆ ಅದರ ಜೊತೆಗಾರ ಚಿಕ್ಕದಾಗಿರಲೇಬೇಕಲ್ವಾ. ಅಷ್ಟರೊಳಗೆ 133 ಅವಿಭಾಜ್ಯಗಳಿವೆ, ಆದರೆ ಅಷ್ಟು ದೂರ ಹೋಗುವುದೇ ಬೇಡ, 17ಕ್ಕೇ ಸಿಕ್ಕಿಬೀಳುತ್ತದೆ: 17×73×461. ಮೂರೂ ಫೇಲ್.

ಇಲ್ಲಿವರೆಗೆ ಮೊಬೈಲ್ ಕ್ಯಾಲ್ಕುಲೇಟರ್ ಸಾಕು. ಮುನ್ನೂರು ಅಂಕಿಯ ಸಂಖ್ಯೆಗೆ ಈ ಆಟ ನಡೆಯಲ್ಲ, ಕಂಪ್ಯೂಟರ್ ಕೊಟ್ಟರೂ ಅಷ್ಟೇ. ಆಗ ಭಾಗಿಸುವುದನ್ನೇ ಬಿಟ್ಟುಬಿಡಿ. ಅಪವರ್ತನ ಸಿಗದೆಯೂ ಸಂಖ್ಯೆ ಅವಿಭಾಜ್ಯ ಅಲ್ಲ ಅಂತ ಹೇಳಬಹುದು, ನನಗಂತೂ ಇದೇ ಇಡೀ ವಿಷಯದ ಮಜಾ. 1640ರಲ್ಲಿ ಫ್ರೆಂಚ್ ಗಣಿತಜ್ಞ ಫರ್ಮಾ ಹೇಳಿದ ಮಾತು: ಎನ್ ಅನ್ನುವುದು 2ಕ್ಕಿಂತ ದೊಡ್ಡ ಅವಿಭಾಜ್ಯವಾದರೆ, 2ರ ಎನ್-1ನೇ ಘಾತವನ್ನು ಎನ್‌ನಿಂದ ಭಾಗಿಸಿದಾಗ ಶೇಷ 1. 7ಕ್ಕೆ ನೋಡಿ, 2ರ ಆರನೇ ಘಾತ 64, ಶೇಷ 1. 9ಕ್ಕೆ 256, ಶೇಷ 4. 3ರ ಹೆಸರೇ ಎತ್ತದೆ 9 ಔಟ್. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪವ್ (pow) ಅನ್ನೋ ಫಂಕ್ಷನ್‌ಗೆ 2, ಎನ್-1, ಎನ್ ಮೂರನ್ನೂ ಕೊಡಿ, ಮುನ್ನೂರು ಅಂಕಿಗೂ ತಕ್ಷಣ ಉತ್ತರ ಬರುತ್ತದೆ.

ಆದರೆ ಶೇಷ 1 ಬಂತು ಅಂತ ಸುಮ್ನೆ ನಂಬಬೇಡಿ. 561 ಅನ್ನುವ ಕಳ್ಳ ಸಂಖ್ಯೆ ಇದೆ. ಅದು 3×11×17, ಆದರೂ ಈ ಪರೀಕ್ಷೆ ಪಾಸಾಗುತ್ತದೆ. ಅದನ್ನು ಹಿಡಿಯಲು ಕೊನೆಯ ಘಾತಕ್ಕೆ ಒಂದೇ ಸಲ ಹಾರದೆ ನಡುವಿನ ಮೆಟ್ಟಿಲುಗಳನ್ನೂ ನೋಡಬೇಕು: 560ರ ಅರ್ಧ 280, ಅದರ ಅರ್ಧ 140. 2ರ 140ನೇ ಘಾತಕ್ಕೆ ಶೇಷ 67, 280ನೇ ಘಾತಕ್ಕೆ 1. ಅಂದರೆ 67ರ ವರ್ಗವನ್ನು 561ರಿಂದ ಭಾಗಿಸಿದರೆ ಶೇಷ 1 ಆಯಿತು. ಅವಿಭಾಜ್ಯದಲ್ಲಿ ಹಾಗಾಗುವುದು 1 ಮತ್ತು ಎನ್-1ಕ್ಕೆ ಮಾತ್ರ, ಇಲ್ಲಿ 67 ಎರಡೂ ಅಲ್ಲ. ಸಿಕ್ಕಿಬಿತ್ತು! ಇದೇ ಮಿಲ್ಲರ್-ರಾಬಿನ್ ಪರೀಕ್ಷೆ. 2ರ ಬದಲು ಮನಸ್ಸಿಗೆ ಬಂದ ಬೇರೆ ಬೇರೆ ಸಂಖ್ಯೆ ಹಾಕಿ ನೋಡಿ, ಒಂದೊಂದು ಸಲಕ್ಕೂ ಕಳ್ಳ ತಪ್ಪಿಸಿಕೊಳ್ಳುವ ಅವಕಾಶ ನಾಲ್ಕರಲ್ಲಿ ಒಂದಕ್ಕಿಂತ ಜಾಸ್ತಿ ಇಲ್ಲ. 40 ಸಲ ಪಾಸಾದರೆ ನಾನಂತೂ ಒಪ್ಪಿಕೊಳ್ಳುತ್ತೇನೆ. ಪಕ್ಕಾ ಸಾಧನೆಯೇ ಬೇಕು ಅನ್ನುವವರಿಗೆ 2002ರಲ್ಲಿ ಐಐಟಿ ಕಾನ್ಪುರದ ಅಗ್ರವಾಲ್, ಕಯಾಲ್, ಸಕ್ಸೇನಾ ಕೊಟ್ಟ ವಿಧಾನ ಇದೆ, ಬಳಸಲು ಮಾತ್ರ ನಿಧಾನ.

ಅಭ್ಯಾಸಕ್ಕೆ ಅಕ್ಕಪಕ್ಕದ ಊರುಗಳ ಪಿನ್‌ಕೋಡ್ ಹಾಕಿ ನೋಡಿ. ಈ ಗಾತ್ರದ ಸಂಖ್ಯೆಗಳಲ್ಲಿ ಸರಾಸರಿ 13ಕ್ಕೊಂದು ಅವಿಭಾಜ್ಯ ಇರುತ್ತದೆ.