ಗಂಗಾವತಿಯಿಂದ ಕ್ರೂಸ್ ಹಡಗಿನ ವೇದಿಕೆಗೆ

ಪ್ರವಾಸಿಗರನ್ನು ಹೊತ್ತು ಸಾಗುವ ಕ್ರೂಸ್ ಹಡಗಿನಲ್ಲಿ ಉಪನ್ಯಾಸ ಕೊಟ್ಟರೆ ಎಷ್ಟು ಸಿಗುತ್ತದೆ? ಗಂಗಾವತಿ, ಕೊಪ್ಪಳದ ಕಡೆ ಮೊದಲು ಕೇಳುವುದೇ ಇದನ್ನು. ಬಹುಪಾಲು ಹಡಗುಗಳಲ್ಲಿ ಏನೂ ಸಿಗುವುದಿಲ್ಲ. ಇಬ್ಬರಿಗೆ ಒಂದು ಕ್ಯಾಬಿನ್ ಮತ್ತು ಊಟ ಕೊಡುತ್ತಾರೆ. ಅದಕ್ಕೆ ಬದಲಾಗಿ, ಹಡಗು ಯಾವ ಬಂದರಿಗೂ ಹೋಗದೆ ಕಡಲಲ್ಲೇ ಸಾಗುವ ದಿನಗಳಲ್ಲಿ ದಿನಕ್ಕೊಂದರಂತೆ 45 ನಿಮಿಷದ ಉಪನ್ಯಾಸ ಕೊಡಬೇಕು. ವಿಮಾನದ ಟಿಕೆಟ್, ವೀಸಾ, ವಿಮೆ, ವೈಫೈ ಎಲ್ಲ ಸ್ವಂತ ಖರ್ಚು. ದಿನದ ಟಿಪ್ಸ್ ಕೂಡ ಹಲವು ಕಡೆ ನಮ್ಮ ಲೆಕ್ಕಕ್ಕೇ ಬರುತ್ತದೆ. ಏಜೆನ್ಸಿ ಮೂಲಕ ಹೋದರೆ ದಿನಕ್ಕಿಷ್ಟು ಡಾಲರ್ ಎಂದು ನಾವೇ ಅವರಿಗೆ ಕಟ್ಟಬೇಕು. ದುಬಾರಿ ದರ್ಜೆಯ ಸಣ್ಣ ಹಡಗುಗಳು ಟಿಕೆಟ್ಟನ್ನೂ ಅಷ್ಟಿಷ್ಟು ಗೌರವಧನವನ್ನೂ ಕೊಡುವುದುಂಟು, ಆದರೆ ಅಲ್ಲಿ ಹೊಸಬರಿಗೆ ಜಾಗ ಸಿಗುವುದು ಅಪರೂಪ. ಲಾಭದ ಲೆಕ್ಕ ಹಾಕುವುದಾದರೆ ಎರಡು ಎಕರೆ ಸೋನಾ ಮಸೂರಿ ನಾಟಿ ಮಾಡುವುದೇ ವಾಸಿ.

ಅರ್ಜಿ ಹಾಕುವ ಮೊದಲು ಪ್ರಯಾಣದ ಪಟ್ಟಿಯಲ್ಲಿ ಕಡಲ ದಿನಗಳು ಎಷ್ಟಿವೆ ಎಂದು ಎಣಿಸಬೇಕು. ದಿನಕ್ಕೊಂದು ಬಂದರು ಮುಟ್ಟುವ ಹಡಗಿಗೆ ಉಪನ್ಯಾಸಕರು ಬೇಕಾಗಿರುವುದಿಲ್ಲ, ಜನ ಬೆಳಿಗ್ಗೆ ಇಳಿದರೆ ಸಂಜೆಗೇ ಹತ್ತುವುದು. ಋತು ಬದಲಾದಾಗ ಹಡಗುಗಳು ಒಂದು ಕಡಲಿನಿಂದ ಇನ್ನೊಂದಕ್ಕೆ ಜಾಗ ಬದಲಿಸುತ್ತವೆ. ಚಳಿಗಾಲಕ್ಕೆ ನಮ್ಮ ಕಡೆ ಬಂದದ್ದು ಬೇಸಿಗೆಗೆ ಮೆಡಿಟರೇನಿಯನ್‌ಗೆ ಹಿಂದಿರುಗುತ್ತದೆ. ಇಂಥ ಪ್ರಯಾಣದಲ್ಲಿ ಎರಡು ವಾರಕ್ಕೆ ಐದಾರು ಕಡಲ ದಿನ ಸಿಗುತ್ತವೆ. ನಾನು ಹುಡುಕುವುದು ಇಂಥವನ್ನೇ.

ಇನ್ನು ವಿಷಯ. ಬಳ್ಳಾರಿ, ಕೊಪ್ಪಳದ ಇತಿಹಾಸದ ಮೇಷ್ಟ್ರುಗಳೆಲ್ಲ ಜಾರುವುದು ಇಲ್ಲೇ. ‘ವಿಜಯನಗರ ಸಾಮ್ರಾಜ್ಯದ ವೈಭವ’ ಎಂದು ಶೀರ್ಷಿಕೆ ಬರೆದು ಕಳಿಸುತ್ತಾರೆ, ಉತ್ತರವೇ ಬರುವುದಿಲ್ಲ. ಹಡಗಿನವರಿಗೆ ಬೇಕಾದದ್ದು ನಾಳೆ ಮುಟ್ಟುವ ಬಂದರಿನ ಕಥೆ. ಹಾಗೆಂದು ಹಂಪಿಯನ್ನು ಬಿಟ್ಟು ಹೊರಡಬೇಕಾಗಿಲ್ಲ, ಬಂದರಿನಿಂದ ಒಳಗೆ ಕರೆತರಬೇಕು ಅಷ್ಟೇ. ತುಂಗಭದ್ರೆಯ ದಂಡೆಗೆ ಬಂದು ಬರೆದಿಟ್ಟು ಹೋದ ಪರದೇಶಿಗಳು ಕಡಲ ದಾರಿಯಲ್ಲೇ ಬಂದವರು. ಹಡಗು ಮಸ್ಕತ್‌ಗೆ ಹೋಗುವುದಿದ್ದರೆ ಅಬ್ದುಲ್ ರಜಾಕ್ ಇದ್ದಾನೆ. ಈಗಿನ ಅಫ್ಘಾನಿಸ್ತಾನದ ಹೆರಾತಿನ ದೊರೆಯ ರಾಯಭಾರಿಯಾಗಿ, ಮಸ್ಕತ್ ಹಾದು 1443ರಲ್ಲಿ ವಿಜಯನಗರಕ್ಕೆ ಬಂದವನು. ಹಡಗಿನ ವಾಸನೆ ಮೂಗಿಗೆ ಬಡಿದದ್ದೇ ಮೂರ್ಛೆ ಹೋಗಿ, ಮೂರು ದಿನ ಉಸಿರೊಂದೇ ಉಳಿದಿತ್ತು ಎಂದು ತನ್ನ ಬಗ್ಗೆ ತಾನೇ ಬರೆದುಕೊಂಡಿದ್ದಾನೆ. ಅಲೆ ಎದ್ದ ದಿನ ಈ ಮಾತು ಹೇಳಿದರೆ ಸಭಾಂಗಣ ನಗುತ್ತದೆ. ವೆನಿಸ್ ಕಡೆ ಹೋಗುವುದಿದ್ದರೆ ಅಲ್ಲೇ ಪಕ್ಕದ ಕಿಯೋಜಾ ಊರಿನ ವ್ಯಾಪಾರಿ ನಿಕೊಲೊ ಕಾಂಟಿ. ಲಿಸ್ಬನ್‌ಗಾದರೆ 1520ರ ರಾಯಚೂರು ಕದನ. ಕೃಷ್ಣದೇವರಾಯನ ಕಡೆ ನಿಂತು ಕೋಟೆಯ ಮೇಲಿದ್ದವರಿಗೆ ಕೋವಿ ಹೊಡೆದ ಪೋರ್ಚುಗೀಸರ ಕಥೆ ಲಿಸ್ಬನ್‌ಗೆ ಹೊರಟವರಿಗೆ ಹೊಸದು.

ಗೋವಾ ಅಥವಾ ಮಂಗಳೂರು ಮುಟ್ಟುವ ಹಡಗಿಗೆ ನಾನು ಇಟ್ಟುಕೊಂಡಿರುವುದು ಕುದುರೆಯ ಉಪನ್ಯಾಸ. ಒಂದು ಉಪನ್ಯಾಸದ ಒಳಗಟ್ಟು ಹೇಗಿರಬೇಕು ಎಂಬುದು ಇದರಲ್ಲಿ ಕಾಣುತ್ತದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಮೊದಲ ಮೂರು ನಿಮಿಷ ಒಂದೇ ಚಿತ್ರ: ಹಂಪಿಯ ವಿಠ್ಠಲ ದೇವಸ್ಥಾನದ ತಳಪಟ್ಟಿಯಲ್ಲಿ ಕುದುರೆಯ ಪಕ್ಕ ನಿಂತ ಪರದೇಶಿ ವ್ಯಾಪಾರಿ. ‘ಈತ ಇಲ್ಲಿಗೆ ಹೇಗೆ ಬಂದ?’ ಎಂಬ ಪ್ರಶ್ನೆ ಬಿಟ್ಟು ಹತ್ತನೇ ನಿಮಿಷದವರೆಗೆ ಭೂಪಟ: ಹೊರ್ಮುಜ್, ಗೋವಾ, ಹೊನ್ನಾವರ, ಭಟ್ಕಳ, ಅಲ್ಲಿಂದ ಘಟ್ಟ ಹತ್ತಿ ಬಯಲಿಗೆ. ಮುಂಗಾರಿನಲ್ಲಿ ಪಶ್ಚಿಮ ಕರಾವಳಿಗೆ ಹಾಯಿಹಡಗು ಬರುವಂತಿರಲಿಲ್ಲ. ಇವತ್ತಿನ ಕ್ರೂಸ್ ಹಡಗೂ ಮಳೆಗಾಲ ತಪ್ಪಿಸಿಯೇ ಬರುವುದು. ಕುಳಿತವರಿಗೆ ತಾವೂ ಅದೇ ಗಾಳಿಯ ಲೆಕ್ಕದಲ್ಲಿ ಬಂದವರು ಎಂದು ಹೊಳೆಯುವುದು ಆಗಲೇ. ಇಪ್ಪತ್ತೈದನೇ ನಿಮಿಷದವರೆಗೆ ಬೇಡಿಕೆಯ ಮಾತು. ದಖ್ಖನ್ನಿನ ಹವೆಗೆ ಒಳ್ಳೇ ಯುದ್ಧದ ಕುದುರೆ ಹುಟ್ಟಿಸಿ ಬೆಳೆಸುವುದು ಕಷ್ಟ, ಬಹಮನಿ ಮತ್ತು ವಿಜಯನಗರ ಎರಡಕ್ಕೂ ಅದೇ ಬೇಕು, ಹಾಗಾಗಿ 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರ ಕೈಗೆ ಕುದುರೆಯ ಕಡಿವಾಣದ ಜೊತೆ ರಾಜಕೀಯದ್ದೂ ಸಿಕ್ಕಿತು. ಜನ ಸ್ವಲ್ಪ ಕುಗ್ಗುವ ಮೂವತ್ತನೇ ನಿಮಿಷಕ್ಕೆ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಹೇಳಿದ ಸಂಗತಿ ಇಟ್ಟಿರುತ್ತೇನೆ. ವಿಜಯನಗರದ ದೊರೆ ಸಾಳುವ ನರಸಿಂಹ ಸಾವಿರ ಪರ್ದಾವ್‌ಗೆ (ಆಗಿನ ಚಿನ್ನದ ನಾಣ್ಯ) ಮೂರರಂತೆ ಸತ್ತ ಕುದುರೆಯನ್ನೂ ಬದುಕಿದ ಕುದುರೆಯನ್ನೂ ಒಂದೇ ದರಕ್ಕೆ ಕೊಳ್ಳುತ್ತಿದ್ದನಂತೆ, ದಾರಿಯಲ್ಲಿ ಸತ್ತದ್ದರ ಬಾಲ ತಂದು ತೋರಿಸಿದರೂ ಹಣ. ವ್ಯಾಪಾರ ಮಾಡಿ ನಿವೃತ್ತರಾದವರು ತುಂಬಿರುವ ಸಭೆ ಅದು, ಇದು ಸಾಗಣೆ ವಿಮೆ ಎಂದು ನಾವು ಹೇಳುವ ಮೊದಲೇ ಅವರಿಗೆ ಅರ್ಥವಾಗಿರುತ್ತದೆ. ಕೊನೆಗೆ ಮತ್ತೆ ಮೊದಲ ಚಿತ್ರ, ನಾಳೆ ಬಂದರಿನಲ್ಲಿ ಏನು ನೋಡಬಹುದೆಂಬ ಎರಡು ಮಾತು, 38ನೇ ನಿಮಿಷಕ್ಕೆ ಮುಕ್ತಾಯ. ಉಳಿದದ್ದು ಪ್ರಶ್ನೆಗಳಿಗೆ. 45 ದಾಟುವಂತಿಲ್ಲ, ಅದೇ ಸಭಾಂಗಣದಲ್ಲಿ ಬಿಂಗೋ ಆಟಕ್ಕೆ ಮೇಜು ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. ಹನ್ನೊಂದು ಕಾಲಿಗೆ ಶುರುವಾದ ಉಪನ್ಯಾಸ ಹನ್ನೆರಡಕ್ಕೆ ಹತ್ತಿರವಾದರೆ ಇನ್ನೊಂದು ಅಪಾಯ. ಕ್ಯಾಪ್ಟನ್ನಿನ ಮಧ್ಯಾಹ್ನದ ಘೋಷಣೆ ನಮ್ಮ ಕೊನೆಯ ಮಾತಿನ ಮೇಲೇ ಬೀಳುತ್ತದೆ.

ಕಿನ್ನಾಳದ ಮರದ ಕುದುರೆಯೊಂದನ್ನು ಮೇಜಿನ ಮೇಲೆ ಇಟ್ಟಿರುತ್ತೇನೆ. ಉಪನ್ಯಾಸ ಮುಗಿದ ಮೇಲೆ ಮಾತಾಡಲು ಹಿಂಜರಿಯುವವರೂ ಅದನ್ನು ಮುಟ್ಟಿ ನೋಡಲು ಹತ್ತಿರ ಬರುತ್ತಾರೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಬಂದರುಗಳಲ್ಲಿ ಮಾತ್ರ ಮರದ ವಸ್ತುವೆಂದು ಫಾರಂನಲ್ಲಿ ಬರೆಯಲೇಬೇಕು, ಬಣ್ಣ ಹಚ್ಚಿದ್ದು ಎಂಬ ನೆಪ ನಡೆಯುವುದಿಲ್ಲ. ತಾಳಿಕೋಟೆಯ ಕದನಕ್ಕೆ ಬಂದಾಗ ಸ್ವರ ಏರಬಾರದು. ಧರ್ಮ, ಇಂದಿನ ರಾಜಕೀಯ ಎರಡೂ ಹಡಗಿನಲ್ಲಿ ನಿಷಿದ್ಧ ಎಂದು ಕರಾರಿನಲ್ಲೇ ಇರುತ್ತದೆ, ಪುಸ್ತಕ ಮಾರುವುದೂ ಹಾಗೆಯೇ.

ಅರ್ಜಿಗೆ ಬೇಕಾದ ಸಾಮಾನು ಕಡಿಮೆ. ಆರು ಉಪನ್ಯಾಸಗಳ ಶೀರ್ಷಿಕೆ, ಪ್ರತಿಯೊಂದಕ್ಕೂ 60–80 ಪದಗಳ ವಿವರ, ಅರ್ಧ ಪುಟ ಪರಿಚಯ, ಮುಖ ಕಾಣುವ ಫೋಟೊ, ಐದರಿಂದ ಹತ್ತು ನಿಮಿಷದ ವಿಡಿಯೊ. ವಿಡಿಯೊದಲ್ಲಿ ಎದುರಿಗೆ ನಿಜವಾದ ಸಭೆ ಇರಲಿ. ಊರಿನ ರೋಟರಿ ಸಭೆಯೂ ಆದೀತು, ಮನೆಯ ಗೋಡೆಗೆ ಒರಗಿ ಮೊಬೈಲ್ ನೋಡುತ್ತಾ ಓದಿದ್ದು ಆಗುವುದಿಲ್ಲ. ಕೇಳುವವರು ಹೆಚ್ಚಾಗಿ ಅರವತ್ತು ದಾಟಿದ ಬ್ರಿಟಿಷರು, ಅಮೆರಿಕನ್ನರು, ಆಸ್ಟ್ರೇಲಿಯನ್ನರು. ಹಲವರ ಕಿವಿಯಲ್ಲಿ ಯಂತ್ರ ಇರುತ್ತದೆ. ನಮ್ಮ ಇಂಗ್ಲಿಷಿನ ಉಚ್ಚಾರಕ್ಕಿಂತ ವೇಗವೇ ಅವರಿಗೆ ತೊಡಕು. ಊರಿನಲ್ಲಿ 45 ನಿಮಿಷ ಹಿಡಿದದ್ದನ್ನು ಅಲ್ಲಿ 35 ನಿಮಿಷದ ಸರಕು ಮಾಡಿಕೊಂಡು ನಿಧಾನವಾಗಿ ಹೇಳಬೇಕು.

ಕಾಗದಪತ್ರದಲ್ಲಿ ಭಾರತದ ಪಾಸ್‌ಪೋರ್ಟಿನವರಿಗೆ ಇರುವ ತಲೆನೋವು ಬೇರೆ ಎಷ್ಟೋ ದೇಶದ ಉಪನ್ಯಾಸಕರಿಗೆ ಇಲ್ಲ. ಪಟ್ಟಿಯಲ್ಲಿರುವ ಒಂದು ದೇಶದ ವೀಸಾ ಇಲ್ಲದಿದ್ದರೂ ‘ಆ ಬಂದರಿನಲ್ಲಿ ಇಳಿಯದೆ ಒಳಗೇ ಕೂರುತ್ತೇನೆ’ ಎಂದರೆ ಒಪ್ಪದೆ, ಹಡಗನ್ನೇ ಹತ್ತಿಸದೆ ಇರಬಹುದು. ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾ ಹಲವು ಪ್ರವೇಶದ್ದೇ ಇರಬೇಕು. ಗ್ರೀಸ್‌ನಿಂದ ಟರ್ಕಿಗೆ ಹೋಗಿ ಮತ್ತೆ ಗ್ರೀಸ್‌ಗೆ ಬಂದರೆ ಅದು ಎರಡನೇ ಪ್ರವೇಶ. ಅರ್ಜಿ ಪ್ರಯಾಣಕ್ಕೆ ಆರು ತಿಂಗಳ ಒಳಗೆ, ಕಡೇ ಪಕ್ಷ 15 ದಿನ ಮೊದಲು. ನಾನು ಮೂರು ತಿಂಗಳಿಗೇ ಹಾಕುತ್ತೇನೆ, ಬೆರಳ ಗುರುತು ಕೊಡಲು ಬೆಂಗಳೂರಿಗೆ ಹೋಗಿ ಬರುವ ದಿನವನ್ನೂ ಸೇರಿಸಿ. ಯಾವ ಬಗೆಯ ವೀಸಾ ಎಂಬುದನ್ನು ನಾವೇ ಊಹಿಸಬಾರದು. ಹಡಗು ನಮ್ಮನ್ನು ಪ್ರಯಾಣಿಕ ಎಂದು ದಾಖಲಿಸುತ್ತದೋ ಸಿಬ್ಬಂದಿ ಎಂದೋ ಕೇಳಿ, ಅದನ್ನು ಬರೆದ ಪತ್ರ ತರಿಸಿಕೊಳ್ಳಬೇಕು. ಆಫ್ರಿಕಾ, ದಕ್ಷಿಣ ಅಮೆರಿಕದ ಬಂದರುಗಳಿದ್ದರೆ ಹಳದಿ ಜ್ವರದ ಲಸಿಕೆ. ಹಾಕಿಸಿಕೊಂಡ ಹತ್ತು ದಿನದ ಮೇಲಷ್ಟೇ ಆ ಪ್ರಮಾಣಪತ್ರಕ್ಕೆ ಬೆಲೆ. ವಾಪಸು ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೂ ಅದನ್ನು ಕೇಳುತ್ತಾರೆ. ಹಡಗು ಗೋವಾದ ಮುರ್ಮಗೋವಾ ಬಂದರಿನಿಂದ ಹೊರಡುವುದಾದರೆ ನಮಗೆ ಅದೃಷ್ಟ: ಪಕ್ಕದ ವಾಸ್ಕೋಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಬಳ್ಳಾರಿ, ಹೊಸಪೇಟೆ, ಕೊಪ್ಪಳದ ಮೇಲೇ ಹೋಗುತ್ತದೆ. ಹಿಂದಿನ ದಿನವೇ ತಲುಪಿರಬೇಕು. ಹಡಗು ಯಾರಿಗಾಗಿಯೂ ಕಾಯುವುದಿಲ್ಲ.

ಸ್ಲೈಡುಗಳು 16:9 ಅಳತೆಯಲ್ಲಿ, 45ಕ್ಕಿಂತ ಹೆಚ್ಚು ಬೇಡ, ಅಕ್ಷರದ ಗಾತ್ರ 32 ಪಾಯಿಂಟಿಗಿಂತ ಕಡಿಮೆ ಬೇಡ. ಹಿನ್ನೆಲೆ ಕಪ್ಪಾಗಿದ್ದರೆ ಹಡಗಿನ ದೊಡ್ಡ ಎಲ್‌ಇಡಿ ಪರದೆ ಕಣ್ಣಿಗೆ ಹೊಡೆಯುವುದಿಲ್ಲ. ಕನ್ನಡ ಅಕ್ಷರ ತೋರಿಸುವುದಿದ್ದರೆ ಅದನ್ನು ಚಿತ್ರ ಮಾಡಿ ಅಂಟಿಸಬೇಕು. ಹಡಗಿನ ಕಂಪ್ಯೂಟರಿನಲ್ಲಿ ನಮ್ಮ ಫಾಂಟ್ ಇರುವುದಿಲ್ಲ, ಶಾಸನದ ಸಾಲಿನ ಜಾಗದಲ್ಲಿ ಖಾಲಿ ಚೌಕಗಳ ಸಾಲು ಬರುತ್ತದೆ. ಉಪನ್ಯಾಸವನ್ನು ರೆಕಾರ್ಡ್ ಮಾಡಿ ಕ್ಯಾಬಿನ್ ಟಿವಿಯಲ್ಲಿ ಮತ್ತೆ ಹಾಕುತ್ತಾರೆ, ಆದ್ದರಿಂದ ಅಂತರ್ಜಾಲದಿಂದ ಸಿಕ್ಕಸಿಕ್ಕ ಫೋಟೊ ಎತ್ತಿಕೊಂಡರೆ ಹಕ್ಕಿನ ತಕರಾರು ಬರುತ್ತದೆ. ಸ್ವಂತ ಫೋಟೊ ಒಳ್ಳೆಯದು, ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ 1856ರಲ್ಲಿ ತೆಗೆದ ಹಂಪಿಯ ಚಿತ್ರಗಳಂಥ ಹಳೆಯವೂ ಆದೀತು. ಫೈಲು ಎರಡು ಪೆನ್‌ಡ್ರೈವಿನಲ್ಲಿ, ಒಂದು ಪಿಡಿಎಫ್ ಪ್ರತಿ ಬೇರೆ. ಕಡಲ ಮಧ್ಯದಲ್ಲಿ ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳುತ್ತೇನೆ ಎಂದು ನಂಬಿ ಹೋಗಬಾರದು.

ಧ್ವನಿ ಇದ್ದರೆ ಇನ್ನೂ ಜಾಗ್ರತೆ. ಬಳ್ಳಾರಿ ಪಕ್ಕದ ಸಂಗನಕಲ್ಲು–ಕುಪ್ಪಗಲ್ಲಿನ ಗುಡ್ಡದಲ್ಲಿ ಕಲ್ಲಿನಿಂದ ಬಡಿದರೆ ಗಂಟೆಯಂತೆ ಮೊಳಗುವ ಕಪ್ಪು ಬಂಡೆಗಳಿವೆ. ಆ ನಾದವೇ ಉಪನ್ಯಾಸದ ಜೀವ. ಕಂಪ್ಯೂಟರನ್ನು ಪರದೆಗೆ ಜೋಡಿಸುವ ಎಚ್‌ಡಿಎಂಐ ತಂತಿಯಲ್ಲಿ ಚಿತ್ರ ಬಂದರೂ ಎಷ್ಟೋ ವೇದಿಕೆಗಳಲ್ಲಿ ಧ್ವನಿಗೆ ಬೇರೆ ತಂತಿ ಇರುತ್ತದೆ. ಅದನ್ನು ಸಿಕ್ಕಿಸದಿದ್ದರೆ ಬಂಡೆ ಬಡಿಯುವ ಕೈ ಕಾಣುತ್ತದೆ, ಸದ್ದಿಲ್ಲ. ಅರ್ಧ ಗಂಟೆ ಮೊದಲೇ ಹೋಗಿ ಕೊನೆಯ ಸಾಲಿನಲ್ಲಿ ಕೂತು ಕೇಳಿಸಿಕೊಳ್ಳಬೇಕು. ಕೊರಳಲ್ಲಿ ರುದ್ರಾಕ್ಷಿಯೋ ಸರವೋ ಇದ್ದರೆ ಕಾಲರ್ ಮೈಕಿಗೆ ತಗುಲಿ ಕರಕರ ಎನ್ನುತ್ತದೆ, ತೆಗೆದಿಡಿ.

ಸಭಾಂಗಣ ಸಾಮಾನ್ಯವಾಗಿ ಹಡಗಿನ ಮೂತಿಯ ಕಡೆ ಇರುತ್ತದೆ. ಅಲೆಗೆ ಹೆಚ್ಚು ಏಳುವುದು ಬೀಳುವುದು ಆ ಭಾಗವೇ. ಕ್ಯಾಬಿನ್ ಕೇಳುವ ಅವಕಾಶ ಇದ್ದರೆ ನಡುವಿನ, ಕೆಳಗಿನ ಅಂತಸ್ತಿನದು ಕೇಳಿ. ವೇದಿಕೆಯ ಮೇಲೆ ಓಡಾಡದೆ ಕಾಲು ಅಗಲಿಸಿ ನಿಂತು ಒಂದು ಕೈ ಮೇಜಿನ ಮೇಲಿಡಿ, ನೀರು ಲೋಟದಲ್ಲಿ ಬೇಡ, ಬಾಟಲಿಯಲ್ಲಿರಲಿ. ವಾಂತಿಯ ಮಾತ್ರೆ ವಾಂತಿ ಶುರುವಾದ ಮೇಲೆ ನುಂಗಿ ಫಲವಿಲ್ಲ, ಮೊದಲೇ ತೆಗೆದುಕೊಳ್ಳಬೇಕು. ಅವೊಮಿನ್ ಬಗೆಯವು ನಿದ್ದೆ ತರುತ್ತವೆ, ಬಾಯಿ ಒಣಗಿಸುತ್ತವೆ. ಮಾತಾಡುವವರಿಗೆ ಎರಡೂ ಶತ್ರು. ವೈದ್ಯರನ್ನು ಕೇಳಿ ಊರಲ್ಲೇ ಒಮ್ಮೆ ನುಂಗಿ ನೋಡಿರಬೇಕು. ಮೊಬೈಲಿನ ಗಡಿಯಾರ ದಂಡೆಯ ಸಿಗ್ನಲ್ ಹಿಡಿದು ಯಾವುದೋ ದೇಶದ ಸಮಯ ತೋರಿಸುತ್ತದೆ, ಕೈಗಡಿಯಾರದಲ್ಲಿ ಹಡಗಿನ ಸಮಯ ಇಟ್ಟುಕೊಳ್ಳಿ.

ಬಂದರು ತಪ್ಪಿದಾಗ ಉಪನ್ಯಾಸಕರ ನಿಜವಾದ ಪರೀಕ್ಷೆ. ಗಾಳಿ ಜೋರಾಗಿ ಹಡಗು ದಂಡೆಗೆ ಹೋಗಲಾಗದಿದ್ದರೆ ಆ ದಿನ ಕಡಲ ದಿನವಾಗುತ್ತದೆ, ಹಡಗಿನ ಕಾರ್ಯಕ್ರಮಗಳನ್ನು ನೋಡಿಕೊಳ್ಳುವ ಕ್ರೂಸ್ ಡೈರೆಕ್ಟರ್ ಎರಡು ಗಂಟೆ ಮೊದಲು ಬಂದು ‘ಇನ್ನೊಂದು ಕೊಡಿ’ ಎನ್ನುತ್ತಾರೆ. ಅದಕ್ಕೆಂದೇ ಯಾವ ಬಂದರಿಗೂ ಅಂಟಿಕೊಳ್ಳದ ಎರಡು ಉಪನ್ಯಾಸ ಹೆಚ್ಚಿಗೆ ಬೇಕು. ನನ್ನವು ಕುಪ್ಪಗಲ್ಲಿನ ಬಂಡೆಗಳು ಮತ್ತು ಮಸ್ಕಿ. ಮಸ್ಕಿಯಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ 1915ರಲ್ಲಿ ಕಂಡ ಶಾಸನದಲ್ಲಿ ‘ಅಶೋಕ’ ಎಂಬ ಹೆಸರೇ ಇತ್ತೆಂಬ ಕಥೆ ಎಲ್ಲಿ ಬೇಕಾದರೂ ನಡೆಯುತ್ತದೆ. ಒಮ್ಮೊಮ್ಮೆ ದಾರಿಯೇ ಬದಲಾಗುತ್ತದೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ದಾಳಿಗಳು ಶುರುವಾದ ಮೇಲೆ ಸೂಯೆಜ್ ದಾರಿ ಬಿಟ್ಟ ಹಡಗುಗಳಿವೆ. ಸೂಯೆಜ್ ಸಿದ್ಧ ಮಾಡಿದವರು ಗುಡ್ ಹೋಪ್ ಭೂಶಿರದ ಬಗ್ಗೆ ಮಾತಾಡಬೇಕಾಗುತ್ತದೆ.

ವೇದಿಕೆಯ ಹೊರಗೆ ನಾವು ಅರ್ಧ ಅತಿಥಿ, ಅರ್ಧ ಆಳು. ಜೂಜಿನ ಮೇಜಿಗೆ ಕೂರಬಾರದು, ತುಂಬಿದ ಸಭೆಯಲ್ಲಿ ಮುಂದಿನ ಕುರ್ಚಿ ಹಿಡಿಯಬಾರದು, ಊಟದ ಮೇಜಿನಲ್ಲಿ ಯಾರು ಮಾತಿಗೆಳೆದರೂ ಮುಖ ಗಂಟಿಕ್ಕಬಾರದು. ಜೊತೆಗೆ ಬಂದ ಹೆಂಡತಿಗೂ ಗಂಡನಿಗೂ ಇದೇ ನಿಯಮ. ಏಳು ಚಿಕ್ಕ, ಒಂದು ಉದ್ದ ಸೀಟಿ ಕೇಳಿದರೆ ತುರ್ತು ಕವಾಯತು. ಉಪನ್ಯಾಸಕರಿಗೂ ವಿನಾಯಿತಿ ಇಲ್ಲ. ಪ್ರವಾಸದ ಬಸ್ಸಿಗೆ ಜೊತೆಗಾರರಾಗಿ ಹೋಗಲು ಕೇಳಿದರೆ ಒಪ್ಪಿಕೊಳ್ಳಿ. ಸಂಖ್ಯೆಯ ಫಲಕ ಹಿಡಿದು ತಲೆ ಎಣಿಸಿ, ಸಂಜೆ ಒಂದು ಫಾರಂ ತುಂಬಿದರೆ ಊರು ಪುಕ್ಕಟೆ ನೋಡಿದಂತಾಗುತ್ತದೆ.

ಸಾಮಾನಿನಲ್ಲಿ ಕೆಟಲ್, ಇಸ್ತ್ರಿ ಪೆಟ್ಟಿಗೆ, ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡು ಬೇಡ, ಬೆಂಕಿಯ ಭಯಕ್ಕೆ ಹತ್ತುವಾಗಲೇ ಎತ್ತಿಟ್ಟುಕೊಳ್ಳುತ್ತಾರೆ. ನಮ್ಮ ಮೂರು ಕಡ್ಡಿಯ ಪ್ಲಗ್ಗು ಅಲ್ಲಿ ಕೂರುವುದಿಲ್ಲ, ಅಡಾಪ್ಟರ್ ಬೇಕು. ಸಸ್ಯಾಹಾರ ಬೇಕೆಂದು ಹತ್ತುವ ಮೊದಲೇ ಬರೆದು ತಿಳಿಸಿದರೆ ಅಡುಗೆಮನೆಯವರು ದಾಲು, ಪಲ್ಯ ಮಾಡಿಕೊಡುತ್ತಾರೆ, ನಾಲ್ಕನೇ ದಿನಕ್ಕೆ ನಾಲಿಗೆ ಖಾರ ಕೇಳುತ್ತದೆ. ಖಡಕ್ ಜೋಳದ ರೊಟ್ಟಿಯನ್ನು ಗುಂಡಗಿನ ಸ್ಟೀಲ್ ಡಬ್ಬಿಯಲ್ಲಿ ಒಂದರ ಮೇಲೊಂದು ಬಿಗಿಯಾಗಿ ಜೋಡಿಸಿ, ಮೇಲೆ ಬಟ್ಟೆ ತುರುಕಿ ಅಲುಗದಂತೆ ಮುಚ್ಚಿದರೆ ಎರಡು ವಾರ ಗರಿಗರಿ ಇರುತ್ತದೆ. ಶೇಂಗಾ ಚಟ್ನಿಪುಡಿ ಕ್ಯಾಬಿನ್ ದಾಟಿ ಬರದಿರಲಿ, ಶೇಂಗಾ ಒಗ್ಗದವರು ಪಕ್ಕದ ಮೇಜಿನಲ್ಲೇ ಇರಬಹುದು.

ಕೊನೆಯ ರಾತ್ರಿ ಪೆಟ್ಟಿಗೆಗೆ ಚೀಟಿ ಕಟ್ಟಿ ಕ್ಯಾಬಿನ್ ಬಾಗಿಲ ಹೊರಗೆ ಇಡಬೇಕು, ಬೆಳಿಗ್ಗೆ ಅದು ದಂಡೆಯಲ್ಲೇ ಸಿಗುವುದು. ಪಾಸ್‌ಪೋರ್ಟ್, ಪೆನ್‌ಡ್ರೈವ್, ಮಾತ್ರೆ, ಮರುದಿನ ಉಡುವ ಬಟ್ಟೆ ಕೈಚೀಲದಲ್ಲಿ ಉಳಿದಿವೆಯೇ ಎಂದು ನೋಡಿಕೊಂಡೇ ಪೆಟ್ಟಿಗೆ ಹೊರಗಿಡಿ. ಮರೆತವರು ಲುಂಗಿಯಲ್ಲೇ ಇಮಿಗ್ರೇಷನ್ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.